ಹಸಿವೋ, ಅಳಲೋ?

ಮೂರು ವರ್ಷಗಳ ಹಿಂದಿನ ಆಷಾಢದ ಒಂದು ಬೆಳಗು. ತುಂಗೆ ಎರಡೂ ದಂಡೆಗಳನ್ನು ಮುಟ್ಟಿ ಹರಿಯುತ್ತಿದ್ದಳು. ಹೊರಗೆ ಬಿಡದೆ ಹೊಯ್ಯುವ ಮಳೆ. ಒಳಗೆ ನನ್ನ ಐಚ್ಛಿಕ ಕನ್ನಡ ತರಗತಿಯಲ್ಲಿ ಭರತಮುನಿಯ ಭಾವಪ್ರಕರಣ. ಶಿವಮೊಗ್ಗದ ಮಳೆಗಾಲದಲ್ಲಿ ಕಾವ್ಯಮೀಮಾಂಸೆಯನ್ನು ಕೇಳುವ ಉತ್ಸಾಹ ಯಾವ ವಿದ್ಯಾರ್ಥಿಗೂ ಇರುವುದಿಲ್ಲವೆಂಬುದನ್ನು ನಾನು ಬಲ್ಲೆ. ಆದ್ದರಿಂದ ಎಂಟು ಸಾತ್ತ್ವಿಕ ಭಾವಗಳನ್ನು ಕರಿಹಲಗೆಯ ಮೇಲೆ ಬರೆದು, ಒಂದೊಂದಕ್ಕೂ ನಿತ್ಯಜೀವನದ ನಿದರ್ಶನವೊಂದನ್ನು ಕೊಡುವಂತೆ ತರಗತಿಯನ್ನೇ ಕೇಳಿದೆ. ಸ್ತಂಭವೆಂದರೆ ಮರವಟ್ಟು ನಿಲ್ಲುವುದು, ಸ್ವೇದವೆಂದರೆ ಬೆವರು, ಬಳಿಕ ರೋಮಾಂಚ, ಸ್ವರಭಂಗ, ನಡುಕ, ಬಣ್ಣಗೆಡುವುದು, ಕಣ್ಣೀರು, ಕೊನೆಯದು ಪ್ರಲಯ, ಎಂದರೆ ಮೂರ್ಛೆ. ಪರೀಕ್ಷೆಯ ಕೊಠಡಿ, ಹಾವು, ಬಸ್ಸು ತಪ್ಪಿದ ಸಂಜೆ ಎಂದು ಹುಡುಗರು ನಗುನಗುತ್ತ ನಿದರ್ಶನಗಳನ್ನು ಕೊಟ್ಟರು.

ಆಗ ಮೂರನೆಯ ಸಾಲಿನಿಂದ ಒಬ್ಬಳು ಎದ್ದು ನಿಂತಳು. ಭದ್ರಾವತಿಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ, ಮಾತು ಕಡಿಮೆಯ, ಅಂಕಗಳು ಹೆಚ್ಚಿನ ಹುಡುಗಿ.

“ಸಾರ್, ಕೈ ತಣ್ಣಗಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಗಂಟಲು ಕಟ್ಟುತ್ತದೆ. ಆದರೆ ಅದು ಭಯವೋ, ದುಃಖವೋ, ಸಿಟ್ಟೋ ಎಂಬುದು ತಿಳಿಯುವುದು ಹೇಗೆ?”

ತರಗತಿ ನಕ್ಕಿತು. ನಾನೂ ನಕ್ಕೆ. “ವಿಭಾವವನ್ನು ನೋಡಿದರೆ ತಿಳಿಯುತ್ತದಮ್ಮ. ಹುಲಿ ಕಂಡರೆ ಭಯ, ಬಂಧು ಅಗಲಿದರೆ ಶೋಕ,” ಎಂದು ಪುಸ್ತಕದ ಉತ್ತರವನ್ನು ಒಪ್ಪಿಸಿ ಮುಂದೆ ಹೋದೆ. ಆಕೆ ಕುಳಿತುಕೊಂಡಳು. ನನ್ನ ಹನ್ನೆರಡು ವರ್ಷಗಳ ಅಧ್ಯಾಪಕ ವೃತ್ತಿಯಲ್ಲಿ ವಿದ್ಯಾರ್ಥಿಯೊಬ್ಬರು ಕೇಳಿದ ಅತ್ಯಂತ ನಿಜವಾದ ಪ್ರಶ್ನೆ ಅದಾಗಿತ್ತೆಂಬುದು ನನಗೆ ಹೊಳೆಯಲು ಇನ್ನೂ ಹದಿನೈದು ದಿನ ಬೇಕಾಯಿತು.

ಹದಿನೈದನೆಯ ದಿನ ಆಕೆ ಮೊಗಸಾಲೆಯಲ್ಲಿ ಕುಸಿದುಬಿದ್ದಳು. ನನ್ನ ಪಟ್ಟಿಯ ಎಂಟನೆಯ ಭಾವ. ಗೆಳತಿಯರು ನೀರು ಚಿಮುಕಿಸಿದರು. ಚೀಲದಲ್ಲಿ ಊಟದ ಡಬ್ಬಿ ಇತ್ತು; ಮುಚ್ಚಳವನ್ನೂ ತೆರೆದಿರಲಿಲ್ಲ. ಅಂದು ಮಾತ್ರವಲ್ಲ, ತಿಂಗಳುಗಳಿಂದಲೂ ಅದು ಬಂದಂತೆಯೇ ಹೋಗುತ್ತಿತ್ತೆಂದು ಆ ಮೇಲೆ ತಿಳಿಯಿತು. ಕಣ್ಣು ಬಿಟ್ಟ ಹುಡುಗಿಯನ್ನು ಏನಾಗುತ್ತಿದೆಯೆಂದು ಕೇಳಿದರೆ ಒಂದೇ ಮಾತು: “ಏನೂ ಅನ್ನಿಸುವುದಿಲ್ಲ. ಹೊಟ್ಟೆ ತುಂಬಿದ ಹಾಗಿದೆ, ಅಷ್ಟೆ.”

ಈ ಲೇಖನವನ್ನು ಆಕೆಯ ಮತ್ತು ಆಕೆಯ ತಾಯಿಯ ಒಪ್ಪಿಗೆಯನ್ನು ಪಡೆದೇ ಬರೆಯುತ್ತಿದ್ದೇನೆ. ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾನು ವೈದ್ಯನಲ್ಲ, ಕನ್ನಡದ ಮೇಷ್ಟರು. ಆದರೆ ಈ ವ್ಯಾಧಿಯ ಒಂದು ತುದಿ ಭಾಷೆಯೊಳಗೇ ಇದೆಯೆಂಬುದನ್ನು ಕಂಡ ಮೇಲೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ಎಲ್ಲರೂ ಮೆಚ್ಚಿದ ಕಾಯಿಲೆ

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಹುಡುಗಿ ಊಟ ಬಿಡುತ್ತಿದ್ದುದು ಗುಟ್ಟಾಗಿಯೇನೂ ಅಲ್ಲ. ಸೋಮವಾರ ಒಪ್ಪತ್ತು, ಗುರುವಾರ ಒಪ್ಪತ್ತು, ಶನಿವಾರ ಫಲಾಹಾರ ಎಂದು ಆರಂಭವಾಯಿತು. ಮನೆಯಲ್ಲಿ ಅಜ್ಜಿಗೆ ಸಂತೋಷ: ಈ ಕಾಲದಲ್ಲಿಯೂ ಇಂಥ ನೇಮದ ಹುಡುಗಿ! ನೆರೆಯವರಿಗೆ ಮೆಚ್ಚುಗೆ: ಎಷ್ಟು ತೆಳ್ಳಗೆ, ಎಷ್ಟು ಲಕ್ಷಣ! ತರಗತಿಯಲ್ಲಿ ನಾನೇ ಒಮ್ಮೆ ಆಕೆಯನ್ನು ತೋರಿಸಿ, ಓದುವವರು ತಪಸ್ವಿಗಳಂತಿರಬೇಕು ಎಂದು ಹೊಗಳಿದ್ದೆ. ಆ ಮಾತು ನೆನಪಾದಾಗಲೆಲ್ಲ ಈಗಲೂ ಮೈ ಮುದುಡುತ್ತದೆ. ಜ್ವರ ಬಂದವನನ್ನು ಯಾರೂ ಹೊಗಳುವುದಿಲ್ಲ; ಈ ಕಾಯಿಲೆಯನ್ನು ಮಾತ್ರ, ಅದು ಕೈಮೀರುವವರೆಗೂ, ಲೋಕವೇ ಹೊಗಳಿ ಬೆಳೆಸುತ್ತದೆ.

ತಾಯಿಗೆ ಮಾತ್ರ ಅನುಮಾನವಿತ್ತು. ಮಗಳ ಕೂದಲು ಉದುರುತ್ತಿತ್ತು, ಬೇಸಗೆಯಲ್ಲಿಯೂ ಚಳಿಯೆನ್ನುತ್ತಿದ್ದಳು, ತಿಂಗಳ ಮುಟ್ಟು ನಿಂತಿತ್ತು. ಆಕೆ ಮಗಳನ್ನು ಕರೆದುಕೊಂಡು ಹೊಟ್ಟೆಯ ಪರೀಕ್ಷೆಗೆಂದು ಅಲೆದರು. ಆಮ್ಲಪಿತ್ತವೆಂದು ಗುಳಿಗೆ ಬಂತು, ದೃಷ್ಟಿಯೆಂದು ತಾಯಿತ ಬಂತು. ಕೊನೆಗೆ, ಕುಸಿದುಬಿದ್ದ ದಿನ ನೋಡಿದ ವೈದ್ಯೆಯೊಬ್ಬರು ನಾಡಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದು, “ಹೊಟ್ಟೆಯಲ್ಲಿ ದೋಷವಿಲ್ಲ. ಇವಳನ್ನು ಮನೋವೈದ್ಯರಿಗೆ ತೋರಿಸಿ,” ಎಂದರು. ತಾಯಿ ಅತ್ತುಬಿಟ್ಟರು. ಮಗಳು ಅಳಲಿಲ್ಲ.

ಹಳೆಯ ವ್ಯಾಧಿ, ಹೊಸ ಹೆಸರು

ಈ ವ್ಯಾಧಿಗೆ ‘ಅನೊರೆಕ್ಸಿಯ ನರ್ವೋಸ’ ಎಂಬ ಹೆಸರನ್ನು ಕೊಟ್ಟವನು ಲಂಡನ್ನಿನ ವೈದ್ಯ ವಿಲಿಯಂ ಗಲ್, 1870ರ ದಶಕದಲ್ಲಿ. ಅದೇ ಕಾಲಕ್ಕೆ, 1873ರಲ್ಲಿ, ಪ್ಯಾರಿಸಿನ ಲಾಸೆಗ್ ಕೂಡ ಇಂಥ ರೋಗಿಗಳನ್ನು ವರ್ಣಿಸಿದ. ಮಿತಿಮೀರಿ ತಿಂದು, ಬಳಿಕ ಅದನ್ನು ಹೇಗಾದರೂ ಹೊರಹಾಕಲು ಹೆಣಗುವ ‘ಬುಲಿಮಿಯ ನರ್ವೋಸ’ವನ್ನು 1979ರಲ್ಲಿ ಜೆರಾಲ್ಡ್ ರಸಲ್ ಎಂಬ ಮನೋವೈದ್ಯ ಬೇರೆಯಾಗಿ ಗುರುತಿಸಿದ. ತಡೆಯಲಾರದೆ ತಿಂದು ತಿಂದು ಕೊರಗುವ ಇನ್ನೊಂದು ಬಗೆಯೂ ಇದೆ. ಮೇಲ್ನೋಟಕ್ಕೆ ಒಂದು ಉಪವಾಸ, ಇನ್ನೊಂದು ಅತಿಯಾಸೆ; ಒಳಗೆ ಇವು ಅಕ್ಕತಂಗಿಯರು.

ಇದು ಪಾಶ್ಚಾತ್ಯ ಸಿರಿವಂತರ ಚಟ, ನಮ್ಮಲ್ಲಿಲ್ಲ ಎಂದು ಬಹುಕಾಲ ನಂಬಿದ್ದೆವು. 1995ರಲ್ಲಿ ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರು ಐವರು ತರುಣಿಯರ ವೃತ್ತಾಂತವನ್ನು ಪ್ರಕಟಿಸಿದರು. ಅವರು ಊಟ ನಿರಾಕರಿಸಿದ್ದರು, ಬಳಲಿ ಸೊರಗಿದ್ದರು. ಆದರೆ ಪಾಶ್ಚಾತ್ಯ ಗ್ರಂಥಗಳಲ್ಲಿ ಹೇಳಿರುವಂತೆ ತಮ್ಮ ದೇಹ ದಪ್ಪವಾಗಿದೆಯೆಂಬ ಭ್ರಾಂತಿ ಅವರಲ್ಲಿರಲಿಲ್ಲ. ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀಯೂ ಅದೇ ದಶಕದಲ್ಲಿ ಇದನ್ನೇ ಕಂಡಿದ್ದರು: ಆತನ ರೋಗಿಗಳಲ್ಲಿ ಅನೇಕರು ದಪ್ಪವಾಗುವ ಭಯವನ್ನಲ್ಲ, ಹೊಟ್ಟೆ ಉಬ್ಬರವನ್ನೋ ಹಸಿವಿಲ್ಲದಿರುವುದನ್ನೋ ಕಾರಣವಾಗಿ ಹೇಳುತ್ತಿದ್ದರು. ನಮ್ಮ ಬೆಂಗಳೂರಿನಲ್ಲಿಯೇ, ನಿಮ್ಹಾನ್ಸಿನ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು ನಗರದ ಮನೋವೈದ್ಯರನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಉತ್ತರಿಸಿದವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಂದಿ ಇಂಥ ಒಬ್ಬ ರೋಗಿಯನ್ನಾದರೂ ಕಂಡಿದ್ದರು. ಅಂದರೆ ವ್ಯಾಧಿ ನಮ್ಮಲ್ಲಿದೆ. ಅದು ನಮ್ಮ ವೇಷದಲ್ಲಿ, ನಮ್ಮ ಮಾತಿನಲ್ಲಿ ಬರುತ್ತದೆ. ಆದ್ದರಿಂದ ಗುರುತು ಸಿಕ್ಕುವುದಿಲ್ಲ.

ಹುಡುಗಿಯರನ್ನೇ ಇದು ಹೆಚ್ಚಾಗಿ ಹಿಡಿಯುವುದು ನಿಜವಾದರೂ ಹುಡುಗರು ಇದಕ್ಕೆ ಹೊರತಲ್ಲ. ಮನೋವ್ಯಾಧಿಗಳಲ್ಲೆಲ್ಲ ಪ್ರಾಣಾಪಾಯ ಅತ್ಯಂತ ಹೆಚ್ಚಾಗಿರುವವುಗಳಲ್ಲಿ ಅನೊರೆಕ್ಸಿಯ ಒಂದೆಂಬುದನ್ನೂ ಮರೆಯುವಂತಿಲ್ಲ. ಇದು ಹಟವಲ್ಲ, ಫ್ಯಾಷನ್ ಅಲ್ಲ. ಹೃದಯದ ಬಡಿತವನ್ನೇ ಕೆಡಿಸಬಲ್ಲ ಕಾಯಿಲೆ.

ಮಾತಿಲ್ಲದ ಭಾವ

ಹಿಲ್ಡೆ ಬ್ರೂಕ್ ಎಂಬ ಮಹಿಳೆ 1904ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಅಮೆರಿಕವನ್ನು ಸೇರಿ, ಶಿಶುವೈದ್ಯರಾಗಿದ್ದವರು ಮನೋವೈದ್ಯರಾದರು. ಊಟ ಬಿಟ್ಟ ನೂರಾರು ಮಕ್ಕಳ ಮಾತನ್ನು ಆಕೆ ತಾಳ್ಮೆಯಿಂದ ಆಲಿಸಿದರು. 1962ರ ಒಂದು ಪ್ರಬಂಧದಲ್ಲಿ ಆಕೆ ಹೇಳಿದ ವಿಷಯ ಆಗಿನ ಕಾಲಕ್ಕೆ ಹೊಸದು. ಈ ರೋಗಿಗಳಿಗೆ ತಮ್ಮೊಳಗಿನಿಂದ ಬರುವ ಸುದ್ದಿಯನ್ನು ಓದುವುದು ಕಷ್ಟ. ಹಸಿವು ಯಾವುದು, ದಣಿವು ಯಾವುದು, ದುಃಖ ಯಾವುದು, ಸಿಟ್ಟು ಯಾವುದು ಎಂಬುದು ಒಂದಕ್ಕೊಂದು ಕಲಸಿಹೋಗಿರುತ್ತದೆ. ಒಳಗೆಲ್ಲ ಗೊಂದಲ, ಯಾವುದೂ ತನ್ನ ಹಿಡಿತದಲ್ಲಿಲ್ಲ. ಆಗ ಹಿಡಿತದಲ್ಲಿ ಇಟ್ಟುಕೊಳ್ಳಲು ಉಳಿಯುವುದೊಂದೇ: ತುತ್ತು.

1970ರ ದಶಕದ ಮೊದಲಲ್ಲಿ, ಗ್ರೀಸಿನಲ್ಲಿ ಹುಟ್ಟಿ ಬಾಸ್ಟನ್ನಿನಲ್ಲಿ ನೆಲಸಿದ್ದ ಪೀಟರ್ ಸಿಫ್ನಿಯೋಸ್ ಎಂಬ ಮನೋವೈದ್ಯ ಈ ಸ್ಥಿತಿಗೆ ತನ್ನ ತಾಯ್ನುಡಿಯಿಂದಲೇ ಒಂದು ಪದ ಕಟ್ಟಿದ: ‘ಅಲೆಕ್ಸಿಥೈಮಿಯ’. ಅ ಎಂದರೆ ಇಲ್ಲ. ಲೆಕ್ಸಿಸ್ ಎಂದರೆ ಪದ. ಥೈಮೋಸ್ ಎಂದರೆ ಭಾವ. ಭಾವಕ್ಕೆ ಪದವಿಲ್ಲದಿರುವುದು. ನಾವು ಬೇಕಾದರೆ ಭಾವಮೂಕತೆ ಎನ್ನೋಣ. ಇಂಥವರಿಗೆ ಭಾವವೇ ಇಲ್ಲವೆಂದಲ್ಲ; ಭಾವ ಮೈಯಲ್ಲಿ ಎದ್ದು ಕುಣಿಯುತ್ತದೆ, ಆದರೆ ನಾಲಗೆಗೆ ಅದರ ಹೆಸರು ಬರುವುದಿಲ್ಲ. ಇದನ್ನು ಅಳೆಯಲು ಕೆನಡಾದ ಟೊರಾಂಟೊದ ವಿದ್ವಾಂಸರು ಇಪ್ಪತ್ತು ವಾಕ್ಯಗಳ ಒಂದು ಪ್ರಶ್ನಾವಳಿಯನ್ನು 1994ರಲ್ಲಿ ಸಿದ್ಧಗೊಳಿಸಿದರು. ತನ್ನ ಭಾವವನ್ನು ಗುರುತಿಸಲಾಗದಿರುವುದು, ಗುರುತಿಸಿದರೂ ಹೇಳಲಾಗದಿರುವುದು, ಒಳಗನ್ನು ಬಿಟ್ಟು ಹೊರಗಿನ ಸಂಗತಿಗಳಲ್ಲಿಯೇ ಮನಸ್ಸು ಸುತ್ತುವುದು: ಇವೇ ಅದರ ಮೂರು ಅಂಗಗಳು. ಊಟದ ವ್ಯಾಧಿಗಳುಳ್ಳವರಲ್ಲಿ ಈ ಭಾವಮೂಕತೆ ಇತರರಿಗಿಂತ ಹೆಚ್ಚೆಂಬುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ.

ತನ್ನ ಭಾವವನ್ನೇ ಓದಲಾರದವರು ಪರರ ಮುಖವನ್ನು ಓದಬಲ್ಲರೆ? 2015ರಲ್ಲಿ ಇಂಗ್ಲೆಂಡಿನ ಸಂಶೋಧಕರು ಈ ಪ್ರಶ್ನೆಯನ್ನು ಪರೀಕ್ಷಿಸಿ ನೋಡಿದರು. ಊಟದ ವ್ಯಾಧಿಯುಳ್ಳವರು ಮುಖಭಾವವನ್ನು ಗುರುತಿಸುವಲ್ಲಿ ಎಡವುತ್ತಾರೆಂಬ ಮಾತು ಮೊದಲೇ ಇತ್ತು. ಆ ಎಡವಟ್ಟಿಗೆ ಕಾರಣ ಊಟದ ವ್ಯಾಧಿಯಲ್ಲ, ಅದರ ಜೊತೆಗೇ ಇರುವ ಭಾವಮೂಕತೆ ಎಂಬುದು ಅವರಿಗೆ ಕಂಡ ಫಲ. ನನ್ನ ವಿದ್ಯಾರ್ಥಿನಿಯ ತಾಯಿ ಒಮ್ಮೆ ಹೇಳಿದ ಮಾತು ನನಗೆ ಆಗ ಅರ್ಥವಾಯಿತು: “ನಾನು ಹೆದರಿ ಅಳುತ್ತಿದ್ದೆ ಸಾರ್. ಇವಳು, ಅಮ್ಮ ನನ್ನ ಮೇಲೆ ಸಿಟ್ಟಾಗಿದ್ದಾಳೆ ಎಂದುಕೊಂಡು ಇನ್ನೂ ಊಟ ಬಿಡುತ್ತಿದ್ದಳು.” ಒಂದೇ ಅಡಿಗೆಮನೆಯಲ್ಲಿ ಇಬ್ಬರು, ನಡುವೆ ಒಂದು ತಟ್ಟೆ, ಒಬ್ಬರ ಮುಖ ಒಬ್ಬರಿಗೆ ಅನ್ಯಭಾಷೆ.

ಹಸಿವಿನಿಂದಲೂ ಭಾವ ಕೆಡುತ್ತದೆ

ಹಾಗಾದರೆ ಭಾವ ತಿಳಿಯದ್ದರಿಂದ ಊಟ ಬಿಟ್ಟರೋ, ಊಟ ಬಿಟ್ಟಿದ್ದರಿಂದ ಭಾವ ತಿಳಿಯದಾಯಿತೋ? ಎರಡೂ ನಿಜ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944ರಿಂದ 45ರವರೆಗೆ, ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬಾತ 36 ಮಂದಿ ಆರೋಗ್ಯವಂತ ತರುಣರ ಮೇಲೆ ಒಂದು ಪ್ರಯೋಗ ನಡೆಸಿದ. ಯುದ್ಧಕ್ಕೆ ಹೋಗಲು ಆತ್ಮಸಾಕ್ಷಿ ಒಪ್ಪದ, ತಾವಾಗಿ ಮುಂದೆ ಬಂದ ಯುವಕರು ಅವರು. 24 ವಾರ ಅವರಿಗೆ ಅರೆಹೊಟ್ಟೆಯ ಆಹಾರ. ಯೂರೋಪಿನ ಹಸಿದ ಜನರನ್ನು ಹೇಗೆ ಉಪಚರಿಸಬೇಕೆಂಬುದನ್ನು ತಿಳಿಯುವುದು ಉದ್ದೇಶ. ಮೈ ಸೊರಗಿದ್ದು ಸಹಜ. ಆದರೆ ಮನಸ್ಸೂ ಬೇರೆಯಾಯಿತು. ನಗುತ್ತಿದ್ದವರು ಮುಖ ತಿರುಗಿಸಿದರು, ಸ್ನೇಹಿತರು ಸಿಡುಕಿದರು, ಕೆಲವರಿಗೆ ಖಿನ್ನತೆ ಕವಿಯಿತು. ಹಗಲಿರುಳೂ ಆಹಾರದ್ದೇ ಧ್ಯಾನ. ಅಡಿಗೆಯ ಪುಸ್ತಕಗಳನ್ನು ಓದುವುದೇ ಕೆಲವರಿಗೆ ಕಾಲಕ್ಷೇಪವಾಯಿತು. ಅವರಲ್ಲಿ ಮೊದಲು ಯಾವ ಮನೋವ್ಯಾಧಿಯೂ ಇರಲಿಲ್ಲ.

ಆದುದರಿಂದಲೇ ವೈದ್ಯರು ಮಾತಿನ ಚಿಕಿತ್ಸೆಗೆ ಮೊದಲು, ಅಥವಾ ಅದರ ಜೊತೆಗೇ, ದೇಹಕ್ಕೆ ಆಹಾರ ಸೇರುವಂತೆ ನೋಡುತ್ತಾರೆ. ಹಸಿದ ಮಿದುಳಿಗೆ ಉಪದೇಶ ಹತ್ತುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ: ಬಹಳ ದಿನ ಸೊರಗಿದವರಿಗೆ ಮನೆಯಲ್ಲಿ ಒಮ್ಮೆಲೇ ಹೆಚ್ಚು ಉಣಿಸುವುದೂ ಅಪಾಯ, ರಕ್ತದ ಲವಣಗಳು ಏರುಪೇರಾಗಿ ಹೃದಯಕ್ಕೆ ತಟ್ಟಬಹುದು. ಅದು ವೈದ್ಯರ ಕಣ್ಣೆದುರಿನಲ್ಲಿಯೇ, ಮೆಲ್ಲಮೆಲ್ಲನೆ ಆಗಬೇಕಾದ ಕೆಲಸ.

ಹೊಟ್ಟೆಯಲ್ಲಿ ನೆಲಸಿದ ಕನ್ನಡ

ಇನ್ನು ನನ್ನ ಸ್ವಕ್ಷೇತ್ರಕ್ಕೆ ಬರುತ್ತೇನೆ. ನಮ್ಮ ನುಡಿಯನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಮತ್ಸರ ನಮಗೆ ಹೊಟ್ಟೆಕಿಚ್ಚು. ಮರುಕ ಬಂದರೆ ಕರುಳು ಚುರುಕ್ಕೆನ್ನುತ್ತದೆ. ಕ್ಷಮೆ ಬೇಡುವಾಗ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎನ್ನುತ್ತೇವೆ. ಮಗನ ಮೇಲಣ ಪ್ರೀತಿ ಕರುಳಿನ ಸೆಳೆತ. ತಾಯಿಯ ಶಾಪ ಹೊಟ್ಟೆಯ ಉರಿ. ಹೇಳಲಾಗದ ನೋವು ಒಡಲ ಬೇಗೆ. ಕನ್ನಡಿಗನ ಭಾವಗಳಲ್ಲಿ ಅರ್ಧದಷ್ಟು ಹೊಟ್ಟೆಯಲ್ಲಿಯೇ ವಾಸವಾಗಿವೆ. ಹಾಗಿರುವಾಗ ನಮ್ಮ ಹುಡುಗಿಯೊಬ್ಬಳು ಮನಸ್ಸಿನ ಭಾರವನ್ನು ಹೊಟ್ಟೆ ತುಂಬಿದ ಹಾಗಿದೆ ಎಂದು ಹೇಳಿದರೆ ಅದು ಸುಳ್ಳಲ್ಲ. ನಮ್ಮ ಭಾಷೆಯೇ ಆಕೆಗೆ ಕಲಿಸಿದ ಸತ್ಯ.

ನುಡಿಯಲ್ಲಿ ಮಾತ್ರವಲ್ಲ, ನಡೆಯಲ್ಲಿಯೂ ಹಾಗೆಯೇ. ನಮ್ಮ ಮನೆಗಳಲ್ಲಿ “ನಿನ್ನ ಮೇಲೆ ಪ್ರೀತಿ ಇದೆ” ಎಂದು ಯಾರೂ ಹೇಳುವುದಿಲ್ಲ; “ಊಟ ಆಯಿತೆ?” ಎನ್ನುತ್ತೇವೆ. ಜಗಳವಾದ ಮರುದಿನ ತಾಯಿ ಕ್ಷಮೆ ಕೇಳುವುದಿಲ್ಲ. ಇಷ್ಟವಾದ ಪಲ್ಯ ಮಾಡುತ್ತಾಳೆ. ಸಿಟ್ಟು ಬಂದವರು “ನನಗೆ ಸಿಟ್ಟು ಬಂದಿದೆ” ಎನ್ನುವುದಿಲ್ಲ. ಊಟ ಬಿಟ್ಟು ಮಲಗುತ್ತಾರೆ. ಎಂಥ ಮಧುರವಾದ ಭಾಷೆ ಇದು! ಆದರೆ ಎಲ್ಲ ಭಾವಗಳಿಗೂ ಇದೊಂದೇ ಭಾಷೆಯಾದಾಗ, ಊಟದ ತಟ್ಟೆಯೇ ಮನೆಯ ಏಕೈಕ ಅಂಚೆಪೆಟ್ಟಿಗೆಯಾಗಿಬಿಡುತ್ತದೆ. ಹೇಳಬೇಕಾದ ಎಲ್ಲವೂ ಅದರೊಳಗೇ ಬೀಳಬೇಕು.

ಆ ಹುಡುಗಿಯ ಮನೆಗೆ ನಾನು ಒಂದು ಭಾನುವಾರ ಹೋಗಿದ್ದೆ. ಭದ್ರಾವತಿಯ ಹಳೆಯ ಬಡಾವಣೆಯೊಂದರ ಪುಟ್ಟ ಮನೆ. 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದಂದಿನಿಂದ ಕಾರ್ಖಾನೆಯ ಶಿಳ್ಳೆಗೆ ಎದ್ದು, ಶಿಳ್ಳೆಗೆ ಉಂಡು, ಶಿಳ್ಳೆಗೆ ಮಲಗಿದ ಊರು ಅದು. ಆಕೆಯ ತಂದೆ ದುಡಿಯುತ್ತಿದ್ದ ಕೆಲಸ ನಿಂತು ಆಗ ಕೆಲವು ವರ್ಷಗಳಾಗಿದ್ದವು. ಆ ವಿಷಯ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ತಂದೆ ಬೆಳಗ್ಗೆ ಎಂದಿನ ಹೊತ್ತಿಗೆ ಎದ್ದು, ಎಂದಿನಂತೆ ಅಂಗಿ ತೊಟ್ಟು, ಎಲ್ಲಿಗೋ ಹೋಗಿ, ಸಂಜೆ ಬರುತ್ತಿದ್ದರು. ಬಂದವರು ಕೇಳುವುದೂ ಅದೇ: “ಎಲ್ಲರದೂ ಊಟ ಆಯಿತೆ?” ಮಗಳು ಆಗಿದೆಯೆನ್ನುತ್ತಿದ್ದಳು. ಆ ಮನೆಯಲ್ಲಿ ಇಬ್ಬರು ಭಾವಮೂಕರಿದ್ದರು. ಒಬ್ಬರಿಗೆ ಮಾತ್ರ ಔಷಧ ನಡೆಯುತ್ತಿತ್ತು.

ಇಷ್ಟನ್ನು ಹೇಳಿ ತಂದೆತಾಯಿಗಳ ಮೇಲೆ ಹೊರೆ ಹೊರಿಸುವುದು ನನ್ನ ಉದ್ದೇಶವಲ್ಲ. ಬ್ರೂಕ್ ಅವರ ಕಾಲದಲ್ಲಿ ದೋಷವನ್ನೆಲ್ಲ ತಾಯಿಯ ತಲೆಗೆ ಕಟ್ಟುವ ಪದ್ಧತಿಯಿತ್ತು. ಇಂದಿನ ವಿಜ್ಞಾನ ಅದನ್ನು ಒಪ್ಪುವುದಿಲ್ಲ. ಹುಟ್ಟಿನಿಂದ ಬಂದ ಒಲವು, ವಯಸ್ಸು, ಸ್ವಭಾವ, ಸುತ್ತಲಿನ ಮಾತು ಎಲ್ಲವೂ ಸೇರಿ ಈ ಗಂಟು ಬೀಳುತ್ತದೆ. ಬದಲಾಗಿ, ಗಂಟು ಬಿಚ್ಚಲು ಮನೆಯವರೇ ಮುಖ್ಯ ಸಹಾಯಕರೆಂದು 1980ರ ದಶಕದಿಂದೀಚಿನ ಚಿಕಿತ್ಸಾಕ್ರಮ ಹೇಳುತ್ತದೆ. ಎಳೆಯ ವಯಸ್ಸಿನ ರೋಗಿಗಳಲ್ಲಿ ಕುಟುಂಬವನ್ನು ಕೂಡಿಸಿಕೊಂಡು ಮಾಡುವ ಚಿಕಿತ್ಸೆಯೇ ಹೆಚ್ಚು ಫಲ ಕೊಟ್ಟಿದೆ.

ಭರತನ ಪಟ್ಟಿ

ಚಿಕಿತ್ಸೆ ಆರಂಭವಾಗಿ ಎರಡು ತಿಂಗಳಾಗಿರಬಹುದು. ಹುಡುಗಿ ನನ್ನ ಕೊಠಡಿಗೆ ಬಂದಳು. ಆಪ್ತಸಮಾಲೋಚಕಿ ಆಕೆಗೊಂದು ದಿನಚರಿ ಬರೆಯಲು ಹೇಳಿದ್ದರು. ಮೂರು ಅಂಕಣ: ಏನು ನಡೆಯಿತು, ಮೈಯಲ್ಲಿ ಏನಾಯಿತು, ಅದರ ಹೆಸರೇನು. ಮೊದಲೆರಡು ಅಂಕಣ ತುಂಬುತ್ತಿದ್ದವು, ಮೂರನೆಯದು ಖಾಲಿ. ಕೊಟ್ಟಿದ್ದ ಪಟ್ಟಿಯಲ್ಲಿ ಸಂತೋಷ, ದುಃಖ, ಸಿಟ್ಟು, ಭಯ ಮೊದಲಾದ ಏಳೆಂಟು ಪದಗಳಿದ್ದವು. “ಇವು ಸಾಲುವುದಿಲ್ಲ ಸಾರ್. ನೀವು ಅಂದು ಮೂವತ್ತಮೂರು ಎಂದಿರಲ್ಲ, ಆ ಪಟ್ಟಿ ಕೊಡಿ,” ಎಂದಳು.

ನಾಟ್ಯಶಾಸ್ತ್ರದ 33 ವ್ಯಭಿಚಾರಿ ಭಾವಗಳನ್ನು ಪರೀಕ್ಷೆಗಾಗಿಯಲ್ಲದೆ ಒಬ್ಬರು ಕೇಳಿದ್ದು ಅದೇ ಮೊದಲು. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಎದುರಿಗಿಟ್ಟುಕೊಂಡು ಇಬ್ಬರೂ ಕುಳಿತೆವು. ನಿರ್ವೇದ, ಗ್ಲಾನಿ, ಶಂಕೆ, ಅಸೂಯೆ, ದೈನ್ಯ, ಚಿಂತೆ, ವ್ರೀಡೆ, ವಿಷಾದ, ಅಮರ್ಷ... ಒಂದೊಂದಕ್ಕೂ ಭರತನು ಇದು ಇಂಥಿಂಥ ಕಾರಣದಿಂದ ಹುಟ್ಟುತ್ತದೆ, ಮೈಯಲ್ಲಿ ಹೀಗೆ ಹೀಗೆ ಕಾಣುತ್ತದೆ ಎಂದು ಹೇಳುತ್ತಾನೆ. ನಟನಿಗೆಂದು ಬರೆದದ್ದು ಅದು. ಆದರೆ ಆ ಮಳೆಯ ಮಧ್ಯಾಹ್ನ ಅದು ನಿಘಂಟಾಯಿತು.

ಗ್ಲಾನಿಯ ಕಾರಣಗಳನ್ನು ಓದುತ್ತ ನಾನೇ ಬೆರಗಾದೆ. ವಾಂತಿ, ವಿರೇಚನ, ಉಪವಾಸ, ನಿಯಮ, ವ್ಯಾಯಾಮ, ಹಸಿವು, ಬಾಯಾರಿಕೆ, ನಿದ್ದೆಗೇಡು, ಮನಸ್ತಾಪ ಇವೆಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ಫಲವಾಗಿ ಕುಗ್ಗಿದ ದನಿ, ಕಳೆಗುಂದಿದ ಕಣ್ಣು, ಬಿಳುಪೇರಿದ ಮುಖ, ನಿಧಾನವಾದ ನಡಿಗೆ, ಸೊರಗಿದ ಮೈ, ಉತ್ಸಾಹಹಾನಿ. ಆಧುನಿಕ ವ್ಯಾಧಿಯನ್ನು ಭರತನು ಬಲ್ಲವನಾಗಿದ್ದನೆಂದು ನಾನು ಹೇಳುವುದಿಲ್ಲ, ಅದು ಅತಿವಾದವಾದೀತು. ಆದರೆ ಉಪವಾಸವನ್ನೂ ಮನಸ್ತಾಪವನ್ನೂ ಅಕ್ಕಪಕ್ಕದಲ್ಲಿ ಕೂಡಿಸಿದ ಆ ಕಣ್ಣು ಸಣ್ಣದಲ್ಲ. ಇನ್ನೊಂದು, ಅವಹಿತ್ಥ: ಲಜ್ಜೆಯಿಂದಲೋ ಭಯದಿಂದಲೋ ಗೌರವದಿಂದಲೋ ತನ್ನ ಭಾವವನ್ನು ಮರೆಮಾಚುವುದು. ಮರೆಮಾಚುವುದೂ ಒಂದು ಭಾವವೇ ಎಂದು ಎಣಿಸಿದ್ದಾರೆ ನಮ್ಮ ಹಿರಿಯರು! “ಇದು ನಮ್ಮ ಅಪ್ಪ,” ಎಂದಳು ಆಕೆ, ಆ ಪದದ ಮೇಲೆ ಬೆರಳಿಟ್ಟು.

ತನಗಾಗಿ ಆಕೆ ಆರಿಸಿಕೊಂಡ ಪದ ಅಮರ್ಷ. ವಿದ್ಯೆಯಲ್ಲಿ, ಸಂಪತ್ತಿನಲ್ಲಿ, ಬಲದಲ್ಲಿ ತನಗಿಂತ ಮೇಲಾದವರು ಅವಮಾನಿಸಿದಾಗ, ತಿರುಗಿ ಏನೂ ಮಾಡಲಾಗದೆ ಒಳಗೇ ಕುದಿಯುವುದು ಅಮರ್ಷ. ಆ ಸಂಜೆ ಮೂರನೆಯ ಅಂಕಣ ಮೊದಲ ಬಾರಿಗೆ ತುಂಬಿತು. ಒಂದು ಮದುವೆಯ ಮನೆ; ಊಟದ ಪಂಕ್ತಿ; ಸಿರಿವಂತ ಬಂಧುವೊಬ್ಬರು ಆಕೆಯ ಎಲೆಯನ್ನು ನೋಡಿ, ಅಪ್ಪನಿಗೆ ಕೆಲಸವಿಲ್ಲದಿದ್ದರೂ ಮಗಳ ಮೈಗೇನೂ ಕೊರತೆಯಿಲ್ಲ ಎಂದು ನಗೆಯಾಡಿದ್ದರು. ಎದುರಿನ ಸಾಲಿನಲ್ಲಿ ತಂದೆ ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದರು. ಎಲ್ಲರೂ ನಕ್ಕರು. ಆಕೆಯೂ ನಕ್ಕಳು. ಆ ರಾತ್ರಿ ಊಟ ಸೇರಲಿಲ್ಲ. ಅಂದಿನಿಂದ ಎದೆಯಲ್ಲಿ ಎದ್ದುದನ್ನೆಲ್ಲ ಆಕೆ ಹೊಟ್ಟೆ ತುಂಬಿದೆಯೆಂದೇ ಓದಿಕೊಂಡಿದ್ದಳು. ವ್ಯಾಧಿಗೆ ಅದೊಂದೇ ಕಾರಣವೆಂದಲ್ಲ. ಆದರೆ ಬೀಗಕ್ಕೆ ಕೀಲಿ ಹೊಕ್ಕಿದ್ದು ಅಲ್ಲಿ.

ಭಾವಗಳನ್ನು ಬೇರೆಬೇರೆಯಾಗಿ ಕರೆಯುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ ಹನ್ನೆರಡನೆಯ ಶತಮಾನದಲ್ಲಿ ಹಸಿವನ್ನೂ ತೃಷೆಯನ್ನೂ ನಿದ್ರೆಯನ್ನೂ ಕಾಮಕ್ರೋಧಗಳನ್ನೂ ಒಂದೊಂದಾಗಿ ಹೆಸರು ಹಿಡಿದು ಕರೆದು, ತಡೆದು ನಿಲ್ಲಿಸಿ ಮಾತನಾಡಿದ ವಚನವೊಂದಿದೆ. ಅದು ವೈರಾಗ್ಯದ ವಚನವೆಂದು ಪಾಠ ಹೇಳುತ್ತ ಬಂದಿದ್ದೇನೆ. ಈಗ ಅದರಲ್ಲಿ ಇನ್ನೊಂದು ಕಾಣುತ್ತದೆ: ಹಸಿವು ಬೇರೆ, ಕ್ರೋಧ ಬೇರೆ ಎಂದು ಆಕೆಗೆ ಗೊತ್ತಿತ್ತು.

ನಾವು ಮಾಡಬಹುದಾದದ್ದು

ಓದುಗರಲ್ಲಿ ಅನೇಕರು ಬೆಳೆಯುವ ಮಕ್ಕಳ ತಂದೆತಾಯಿಗಳಿದ್ದೀರಿ. ಗಾಬರಿ ಬೇಡ, ವ್ರತ ಮಾಡುವವರೆಲ್ಲ ರೋಗಿಗಳಲ್ಲ. ಆದರೆ ಒಪ್ಪತ್ತು ಎರಡಾಗಿ, ಎರಡು ನಾಲ್ಕಾಗಿ ಬೆಳೆದರೆ, ಎಲ್ಲರೊಂದಿಗೆ ಕುಳಿತು ಉಣ್ಣುವುದನ್ನು ತಪ್ಪಿಸಿಕೊಂಡರೆ, ಊಟವಾದೊಡನೆ ಬಚ್ಚಲಿಗೆ ಓಡಿದರೆ, ಸೆಕೆಯಲ್ಲಿಯೂ ಚಳಿಯೆಂದರೆ, ಮುಟ್ಟು ನಿಂತರೆ, ತಲೆಸುತ್ತಿ ಬಿದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಮೊದಲು ದೇಹದ ಪರೀಕ್ಷೆ, ಜೊತೆಗೇ ಮನಸ್ಸಿನದು.

ದಪ್ಪ, ಸಣ್ಣ ಎಂಬ ಮಾತುಗಳನ್ನು ಮೆಚ್ಚುಗೆಗಾಗಿಯೂ ಆಡಬೇಡಿರಿ. ಬಲವಂತ, ಬೈಗುಳ, ಆಣೆ ಇವುಗಳಿಂದ ಗಂಟಲು ಇನ್ನೂ ಕಟ್ಟುತ್ತದೆ. “ಯಾಕೆ ಉಣ್ಣುವುದಿಲ್ಲ?” ಎಂದು ಕೇಳಿದರೆ ಉತ್ತರ ಸಿಕ್ಕುವುದಿಲ್ಲ, ಉತ್ತರ ಅವರಿಗೇ ತಿಳಿಯದು. ಬದಲು, ಮನೆಯ ದೊಡ್ಡವರು ಮೊದಲು ತಮ್ಮ ಭಾವಕ್ಕೆ ಹೆಸರಿಟ್ಟು ಹೇಳಲಿ: “ನನಗೆ ಇವತ್ತು ಅವಮಾನವಾಯಿತು,” “ನನಗೆ ನಿನ್ನ ವಿಷಯದಲ್ಲಿ ಹೆದರಿಕೆಯಾಗಿದೆ, ಸಿಟ್ಟಲ್ಲ.” ಮಕ್ಕಳು ಅನ್ನದ ಹೆಸರನ್ನು ಕಲಿತದ್ದು ನಮ್ಮ ಬಾಯಿಂದ, ಭಾವದ ಹೆಸರನ್ನೂ ಅಲ್ಲಿಂದಲೇ ಕಲಿಯಬೇಕು.

ಮನೋವೈದ್ಯರೆಂದರೆ ನಾಚಿಕೆಪಡುವ ಕಾಲ ಇದಲ್ಲ. ಹಾಸ್ಯಕ್ಕೆ ಹೆಸರಾದ ‘ಕೊರವಂಜಿ’ಯ ಡಾ. ಎಂ. ಶಿವರಾಂ ಮನಸ್ಸಿನ ವ್ಯಾಧಿಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 2016ರಲ್ಲಿ ನಮ್ಮನ್ನಗಲಿದ ಡಾ. ಅಶೋಕ ಪೈ ಶಿವಮೊಗ್ಗದಲ್ಲಿಯೇ ಇದ್ದು, ಬರಹದಿಂದಲೂ ‘ಕಾಡಿನ ಬೆಂಕಿ’ಯಂಥ ಚಲನಚಿತ್ರಗಳಿಂದಲೂ ಮನಸ್ಸಿನ ಕಾಯಿಲೆಯ ಮಾತನ್ನು ಮನೆಮನೆಗೆ ತಂದರು. ಇಂದು ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಗೆ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಗಲಿರುಳು ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ಆ ಹುಡುಗಿ ಪೂರ್ಣ ಗುಣವಾದಳೆಂದು ಬರೆದರೆ ಕಥೆ ಚೆನ್ನಾಗಿ ಮುಗಿಯುತ್ತದೆ. ಆದರೆ ಇದು ಕಥೆಯಲ್ಲ. ಎರಡು ಸಲ ವ್ಯಾಧಿ ಮರಳಿತು. ಒಮ್ಮೆ ಆಸ್ಪತ್ರೆಯಲ್ಲಿ ಮೂರು ವಾರ ಇರಬೇಕಾಯಿತು. ತಂದೆಯೂ ಕೊನೆಗೆ ಸಮಾಲೋಚಕಿಯ ಎದುರು ಕುಳಿತು, ಕೆಲಸ ಹೋದ ದಿನದ ವಿಷಯವನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿ ಅತ್ತರಂತೆ. ಈಗ ಆಕೆ ಶಂಕರಘಟ್ಟದಲ್ಲಿ ಎಂ.ಎ. ಓದುತ್ತಿದ್ದಾಳೆ.

ಮೊನ್ನೆ ಯಾವುದೋ ಪುಸ್ತಕಕ್ಕಾಗಿ ಕಾಲೇಜಿಗೆ ಬಂದಿದ್ದಳು. ಮಧ್ಯಾಹ್ನವಾಯಿತು. ನನ್ನ ಎದುರಿಗೇ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು: ಅಕ್ಕಿರೊಟ್ಟಿ, ಕಾಯಿಚಟ್ನಿ. ಒಂದು ಗಳಿಗೆ ಸುಮ್ಮನೆ ನೋಡಿದಳು. ನಾನು ಏನೂ ಕೇಳಲಿಲ್ಲ. ಆಕೆಯೇ ಹೇಳಿದಳು:

“ಹಸಿವಾಗಿದೆ ಸಾರ್. ಸ್ವಲ್ಪ ಹೆದರಿಕೆಯೂ ಇದೆ. ಎರಡೂ ಬೇರೆಬೇರೆ.”

ಎಂದು, ಒಂದು ತುಂಡು ಮುರಿದು ಬಾಯಿಗಿಟ್ಟಳು.